ಬೆಟ್ಟದ ಬುಡದಲ್ಲಿ ಉಳಿದವರು

ಕೋಲಾರ ಪಟ್ಟಣಕ್ಕೆ ಪಶ್ಚಿಮದಲ್ಲಿ ಶತಶೃಂಗ ಬೆಟ್ಟಸಾಲು, ಅಲ್ಲೇ ಅಂತರಗಂಗೆ. ಕಲ್ಲಿನ ಬಸವನ ಬಾಯಿಂದ ಸುರಿಯುವ ನೀರನ್ನು ನೋಡದೆ ನಮ್ಮ ಕಡೆಯ ಶಾಲಾ ಪ್ರವಾಸ ಮುಗಿಯುವುದಿಲ್ಲ. ಆದರೆ ಮೆಟ್ಟಿಲು ಹತ್ತಬೇಕು. ಕ್ಯಾಲಿಪರ್ ಕಟ್ಟಿದ ಹುಡುಗನನ್ನು ಕೆಳಗೆ ಕೂರಿಸಿ, ಕಡಲೆಕಾಯಿ ಪೊಟ್ಟಣ ಕೊಟ್ಟು, ‘ಬ್ಯಾಗುಗಳನ್ನು ನೋಡಿಕೊಂಡಿರಪ್ಪ’ ಎಂದು ಹೋಗುವುದನ್ನು ಕಂಡಿದ್ದೇನೆ. ಅಂಥ ಮಕ್ಕಳನ್ನು ಪ್ರವಾಸಕ್ಕೇ ಕಳಿಸದ ತಂದೆ-ತಾಯಿಯರೂ ಇದ್ದಾರೆ.

ಸರಳ ಯಂತ್ರಗಳ ಪಾಠದಲ್ಲಿ ಇಳಿಜಾರು ಬರುತ್ತದಷ್ಟೆ. ಗಾಲಿಕುರ್ಚಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಬೆಟ್ಟಕ್ಕೆ ಈ ಲೆಕ್ಕ ಒಗ್ಗದು, ನಿಜ. ಹಾಗಿದ್ದರೆ ಊರನ್ನೇ ಬದಲಿಸಬಹುದಲ್ಲ! ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಸೀತಾದೇವಿಯ ಗುಡಿ ಬೆಟ್ಟದ ಮೇಲಿದೆ. ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪು ಕೆಳಗೇ ಇದೆ. ಕೆಳಗಿನದನ್ನೇ ಎಲ್ಲರೂ ಕೂಡಿ ನಿಧಾನವಾಗಿ ನೋಡಲಿ. ಕುರುಡುಮಲೆಯ ಗಣಪನಂತೂ ಆಳೆತ್ತರವನ್ನು ಮೀರಿದವನು, ಕುಳಿತವರಿಗೂ ಕಾಣುತ್ತಾನೆ. ಹೊಸ್ತಿಲು ದಾಟಿಸಲು ಇಬ್ಬರು ಜೊತೆಗಿದ್ದರಾಯಿತು.

ಈ ಜೊತೆಗಾರರ ವಿಷಯದಲ್ಲೇ ತೊಡಕು. ಆಟದ ಬಯಲುಗಳಲ್ಲಿ ‘12 ವರ್ಷದೊಳಗಿನ ಮಕ್ಕಳಿಗೆ ಮಾತ್ರ’ ಎಂಬ ಫಲಕ ಇರುವುದುಂಟು. ಮಗುವನ್ನು ಹಿಡಿದುಕೊಳ್ಳಬೇಕಾದ ತಾಯಿಗೆ 35 ವರ್ಷ! ಆಕೆ ಆಡಲು ಬಂದವಳಲ್ಲ, ಮಗುವಿನ ಊರುಗೋಲು. ಊರುಗೋಲಿಗೆ ಯಾರು ವಯಸ್ಸು ಕೇಳುತ್ತಾರೆ? ಬುದ್ಧಿ ಬೆಳವಣಿಗೆ ನಿಧಾನವಾದ 15ರ ಹುಡುಗಿ ಜೋಕಾಲಿ ಬಯಸಿದರೆ ಮಾತು ಬೇರೆ. ಸರಪಳಿಗೆ ತಿಳಿಯುವುದು ತೂಕ, ಜನ್ಮ ದಿನಾಂಕವಲ್ಲ. ಗಟ್ಟಿಯಾದ ಒಂದು ಜೋಕಾಲಿಯನ್ನು ಪುಟಾಣಿಗಳಿಂದ ದೂರದಲ್ಲಿ ಕಟ್ಟಿದರೆ ಎರಡೂ ಕಡೆಗೆ ಕ್ಷೇಮ. ಒಬ್ಬರೇ ಪ್ರಯಾಣಿಸಲಾಗದ ಅಂಗವಿಕಲರ ಜೊತೆಗಾರರಿಗೆ ರೈಲ್ವೆಯವರು ಟಿಕೆಟ್ಟಿನಲ್ಲಿ ರಿಯಾಯಿತಿ ಕೊಡುತ್ತಾರೆ. ಆ ವಿವೇಕ ಆಟದ ಬಯಲಿಗೂ ಬರಬೇಕು.

ಇದು ದಯೆ-ದಾಕ್ಷಿಣ್ಯದ ಮಾತಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಕಲಮು, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಆಟ-ವಿನೋದಗಳಲ್ಲಿ ಸಮಾನ ಅವಕಾಶ ಕೊಡಬೇಕೆನ್ನುತ್ತದೆ. 29ನೇ ಕಲಮು ಸ್ಕೌಟಿಂಗ್, ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆಗಳನ್ನೂ ಹೆಸರಿಸಿದೆ. ಪೋಷಕರೇ, ಪ್ರವಾಸದ ಚೀಟಿಗೆ ಸಹಿ ಹಾಕುವ ಮುನ್ನ ಶೌಚಾಲಯ ಹೇಗಿದೆ, ಜೊತೆಗೆ ಯಾರು ಬರುತ್ತಾರೆ ಎಂದು ಕೇಳಿ. ಹುಡುಗಿಯಾದರೆ ಮಹಿಳಾ ಸಹಾಯಕಿಯೇ ಬೇಕು.

ಮಾಲೂರಿನ ಹೆಂಚು-ಇಟ್ಟಿಗೆ ಗೂಡುಗಳು ಉಷ್ಣದ ಪಾಠಕ್ಕೆ ಚೆನ್ನ. ಒಡೆದ ಚೂರುಗಳ ನಡುವೆ ಊರುಗೋಲು ಜಾರೀತು, ಎಚ್ಚರ. ನನ್ನ ಮೆಚ್ಚಿನ ಜಾಗ ಶ್ರೀನಿವಾಸಪುರದ ಮಾವಿನ ತೋಪು. ಜೂನ್‌ನಲ್ಲಿ ಶಾಲೆ ತೆರೆದ ಮೇಲೂ ಹಣ್ಣಿರುತ್ತದೆ. ಕಸಿ ಮರಗಳ ಕೊಂಬೆಗಳು ತಗ್ಗಿನಲ್ಲೇ ಬಾಗಿರುತ್ತವೆ. ಗಾಲಿಕುರ್ಚಿಯಲ್ಲಿ ಕುಳಿತೇ ಕಾಯಿ ಮುಟ್ಟಬಹುದು. ಮಳೆ ಬಿದ್ದ ಮಾರನೆಯ ದಿನ ಮಾತ್ರ ಬೇಡ, ಗಾಲಿ ಹೂತುಕೊಳ್ಳುತ್ತದೆ.