ನಾಳೆಗೊಂದು ಹಿಡಿ

ನಮ್ಮ ಅಡಿಗೆಮನೆಯ ಗೂಡಿನಲ್ಲಿ ಒಂದು ಹಳೇ ತಗಡಿನ ಡಬ್ಬವಿದೆ. ದಿನಾ ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವುದಕ್ಕೆ ಮುಂಚೆ, ಅದರಿಂದ ಒಂದು ಹಿಡಿ ತೆಗೆದು ಆ ಡಬ್ಬಕ್ಕೆ ಹಾಕುತ್ತೇನೆ. ನಮ್ಮಜ್ಜಿ ಇದನ್ನು ‘ಹಿಡಿ ಅಕ್ಕಿ’ ಎನ್ನುತ್ತಿದ್ದರು. ಮದುವೆಯಾಗಿ ಮಾಲೂರಿಗೆ ಬಂದಾಗಲೂ ಈ ಅಭ್ಯಾಸ ಬಿಡಲಿಲ್ಲ. ಆದರೆ ಅದರ ಅರ್ಥ ನನಗೆ ತಿಳಿದದ್ದು, ನಮ್ಮ ಮನೆಯ ದೊಡ್ಡ ಅಕ್ಕಿ ಡಬ್ಬವೇ ತಳ ಕಂಡ ವರ್ಷ.

ಅದು 2016. ನಮ್ಮವರು ಇಲ್ಲಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮಾಲೂರಿನ ಹೆಂಚು, ಇಟ್ಟಿಗೆ ಎಂದರೆ ಹೆಸರುವಾಸಿ. ಆದರೆ ಈಗ ಮನೆ ಕಟ್ಟುವವರೆಲ್ಲ ಆರ್.ಸಿ.ಸಿ. ಹಾಕಿಸುತ್ತಾರೆ, ಹೆಂಚು ಕೇಳುವವರು ಯಾರು? ಒಂದು ಸಂಜೆ ಅವರು ಊಟದ ಕ್ಯಾರಿಯರ್ ಕಟ್ಟೆಯ ಮೇಲಿಟ್ಟು, “ನಾಳೆಯಿಂದ ಇದಕ್ಕೆ ತುಂಬುವುದು ಬೇಡ” ಎಂದರು. ಅಷ್ಟೆ. ಮಗಳು ಆಗ ಪಿ.ಯು.ಸಿ. ಓದುತ್ತಿದ್ದಳು. ನರ್ಸಿಂಗ್ ಮಾಡಬೇಕೆಂದು ಅವಳಿಗೆ ಚಿಕ್ಕಂದಿನಿಂದಲೂ ಆಸೆ.

ಸಭೆಯ ಹೆಂಗಸರು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಹೋಗುವಾಗ ಒಬ್ಬರು ನನ್ನ ಕೈ ಹಿಡಿದು, “ಹೆದರಬೇಡಿ, ದೇವರು ನಿಮಗಾಗಿ ಮುಂದಿನದನ್ನು ಆಗಲೇ ಸಿದ್ಧಮಾಡಿರುತ್ತಾನೆ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ನಾನೂ ಎಷ್ಟೋ ಮನೆಗಳಲ್ಲಿ ಅದನ್ನೇ ಹೇಳಿ ಬಂದವಳು. ಆದರೆ ಅವತ್ತು ನನಗೆ ಮೈಯೆಲ್ಲ ಉರಿಯಿತು. ಎಲ್ಲಿ ಸಿದ್ಧಮಾಡಿದ್ದಾನೆ, ತೋರಿಸಿ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಕಾಫಿ ಲೋಟ ತೊಳೆದಿಟ್ಟೆ. ಆ ರಾತ್ರಿಯಿಂದ ಎಷ್ಟೋ ದಿನ ಸರಿಯಾಗಿ ಪ್ರಾರ್ಥನೆಯನ್ನೇ ಮಾಡಲಿಲ್ಲ. ಇದನ್ನು ಈಗ ಬರೆಯುವುದಕ್ಕೂ ಸಂಕೋಚವಾಗುತ್ತದೆ.

ಒಂದು ಭಾನುವಾರ ಕೋಲಾರಕ್ಕೆ, ತವರಿಗೆ ಹೋದೆ. ನಮ್ಮ ತಾಯಿಯ ತಾಯಿಗೆ ಆಗ ಎಂಬತ್ತೈದು ದಾಟಿತ್ತು. ಅವರ ಕಾಲೊತ್ತುತ್ತಾ ಕೂತು ಎಲ್ಲ ಹೇಳಿಕೊಂಡೆ. ಅಜ್ಜಿ ನನಗೆ ಸಮಾಧಾನ ಹೇಳಲಿಲ್ಲ. ತಮ್ಮ ಅಜ್ಜಿಯ ಕತೆ ಹೇಳಿದರು.

ಧಾತು, ಈಶ್ವರ ಸಂವತ್ಸರಗಳ ಬರ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದು 1876ರಿಂದ 1878ರವರೆಗಿನ ಮಹಾಕ್ಷಾಮ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನ, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಸಂಸಾರಗಳು ಹೀಗೆ ಕರಗಿಹೋದವು ಎಂದರೆ ಊಹಿಸಿಕೊಳ್ಳಿ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಯನ್ನೇ ನಂಬಿದ ನಮ್ಮ ಕೋಲಾರದ ಸೀಮೆಗೆ ಅದು ತುಂಬಾ ದೊಡ್ಡ ಪೆಟ್ಟು. ಮುಳಬಾಗಿಲಿನ ಕಡೆಯ ಒಂದು ಹಳ್ಳಿಯಿಂದ ಒಬ್ಬ ತಾಯಿ, ನಾಲ್ಕೈದು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತು ಕೋಲಾರಕ್ಕೆ ನಡೆದು ಬಂದಳಂತೆ. ಆಗ ಅಲ್ಲಿ ಇಂಗ್ಲೆಂಡಿನಿಂದ ಬಂದ ಲೂಯಿಸಾ ಆನ್‌ಸ್ಟಿ ಎಂಬ ಹೆಂಗಸು ಬರದಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಸೇರಿಸಿಕೊಂಡು ಸಾಕುತ್ತಿದ್ದರು. ಮಗಳನ್ನು ಆ ಬಾಗಿಲಲ್ಲಿ ಬಿಟ್ಟು, ಮನೆಯಲ್ಲಿದ್ದ ಮಗನನ್ನು ಕರೆತರುತ್ತೇನೆಂದು ಹೋದ ತಾಯಿ ಮತ್ತೆ ಬರಲೇ ಇಲ್ಲ. ಆ ಹುಡುಗಿಯೇ ನಮ್ಮಜ್ಜಿಯ ಅಜ್ಜಿ.

ಕತೆ ಕೇಳಿ ನನಗೆ ಅಳು ಬಂತು. “ಹಾಗಾದರೆ ಆ ಬರಾನೂ ದೇವರೇ ಸಿದ್ಧಮಾಡಿದ್ದನಾ ಅಜ್ಜಿ? ಆ ತಾಯಿಗೆ ಏನು ಸಿದ್ಧಮಾಡಿದ್ದ?” ಎಂದು ಕೇಳಿಯೇಬಿಟ್ಟೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಬರಾನ ದೇವರು ಮಾಡಿದ ಅಂತ ನಾನು ಯಾವತ್ತೂ ಹೇಳಲ್ಲ ಕಣಮ್ಮ. ಆ ತಾಯಿ ಲೆಕ್ಕ ಅವನ ಹತ್ರ ಇದೆ, ನನ್ನ ಹತ್ರ ಇಲ್ಲ. ನನಗೆ ಗೊತ್ತಿರೋದು ಇಷ್ಟೇ. ಮಗು ಬಂದು ನಿಂತಾಗ ಆ ಬಾಗಿಲು ತೆಗೆದಿತ್ತು, ಒಳಗೆ ಒಲೆ ಉರೀತಿತ್ತು. ಯಾರೋ ಒಬ್ಬರು ಮುಂಚೇನೇ ನೀರಿಟ್ಟಿದ್ದರು” ಎಂದರು. ಆಮೇಲೆ, “ನಮ್ಮಜ್ಜಿ ಬದುಕಿರೋವರೆಗೂ ಹಿಡಿ ಅಕ್ಕಿ ತೆಗೆದಿಡೋದು ತಪ್ಪಿಸಲಿಲ್ಲ. ಯಾರಿಗೆ ಅಂತ ಕೇಳಿದರೆ, ಬರೋರಿಗೆ ಅಂತಿದ್ದಳು” ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಆನ್‌ಸ್ಟಿ ಅವರು 1890ರಲ್ಲಿ ತಮ್ಮ ಕೆಲಸವನ್ನು ಅಮೆರಿಕದ ಮೆಥೊಡಿಸ್ಟ್ ಮಿಷನ್ನಿಗೆ ಒಪ್ಪಿಸಿದರು. ಆ ಮಿಷನ್ನಿನವರೇ 1910ರಲ್ಲಿ ಕೋಲಾರದಲ್ಲಿ ಎಲೆನ್ ತೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ಕಟ್ಟಿದ್ದು, ನಾವೆಲ್ಲ ಇ.ಟಿ.ಸಿ.ಎಂ. ಎನ್ನುವುದು. ನಮ್ಮಮ್ಮ ಹುಟ್ಟಿದ್ದು ಅಲ್ಲಿ, ನಾನು ಹುಟ್ಟಿದ್ದೂ ಅಲ್ಲೇ. ಅದನ್ನು ಕಟ್ಟಿದವರಿಗೆ ನಾವು ಯಾರೆಂದು ಗೊತ್ತಿರಲಿಲ್ಲ.

ಅಜ್ಜಿಯ ಕತೆ ಕೇಳಿ ಬಂದ ಮಾರನೇ ದಿನವೇ ನಮ್ಮ ಕಷ್ಟ ಪರಿಹಾರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮವರ ತಂಗಿಯನ್ನು ಶ್ರೀನಿವಾಸಪುರದ ಹತ್ತಿರ ಮಾವಿನ ತೋಟವಿರುವ ಮನೆಗೆ ಕೊಟ್ಟಿದೆ. ಸುಗ್ಗಿಯಲ್ಲಿ ಇವರು ಅಲ್ಲಿಗೆ ಹೋಗಿ ಲೋಡಿನ ಲೆಕ್ಕ ಬರೆದರು. ಆ ಮರಗಳನ್ನು ನೆಟ್ಟವರು ನಾದಿನಿಯ ಮಾವನವರು, ಅವರು ಈಗಿಲ್ಲ. ಬಿದ್ದ ತೋತಾಪುರಿ ಕಾಯಿಗಳನ್ನು ನಾದಿನಿ ಚೀಲದಲ್ಲಿ ಕಳಿಸುತ್ತಿದ್ದಳು. ನಾನು ಉಪ್ಪಿನಕಾಯಿ, ತೊಕ್ಕು ಹಾಕಿ ಮಾರಿದೆ. ಆದರೂ 2017ರಲ್ಲಿ ಮಗಳನ್ನು ಕಾಲೇಜಿಗೆ ಸೇರಿಸುವುದಕ್ಕೆ ದುಡ್ಡು ಸಾಲಲಿಲ್ಲ. ಜೊತೆಯ ಹುಡುಗಿಯರೆಲ್ಲ ಸೇರಿದರು, ಇವಳು ಮನೆಯಲ್ಲಿ ಉಳಿದಳು. ಅವಳ ಮುಖ ನೋಡಲಾಗುತ್ತಿರಲಿಲ್ಲ.

ಅದೇ ವರ್ಷ ಅಜ್ಜಿ ಹಾಸಿಗೆ ಹಿಡಿದರು. ಮನೆಯಲ್ಲಿ ಕೂತು ಕೊರಗುವ ಬದಲು ಅಲ್ಲಿರಲಿ ಎಂದು ಮಗಳನ್ನು ಕೋಲಾರಕ್ಕೆ ಕಳಿಸಿದೆ. ಎಂಟು ತಿಂಗಳು ಅವಳೇ ಅಜ್ಜಿಗೆ ಮಗ್ಗುಲು ತಿರುಗಿಸಿದಳು, ಮೈ ಒರೆಸಿದಳು, ಬೆನ್ನು ಹುಣ್ಣಾಗದಂತೆ ನೋಡಿಕೊಂಡಳು, ರಾಗಿ ಗಂಜಿ ಚಮಚದಲ್ಲಿ ಕುಡಿಸಿದಳು. ಅಜ್ಜಿ 2018ರಲ್ಲಿ ಅವಳ ಕೈ ಹಿಡಿದುಕೊಂಡೇ ಕರ್ತನ ಬಳಿಗೆ ಹೋದರು. ಆ ವರ್ಷವೇ ಸ್ತ್ರೀಶಕ್ತಿ ಸಂಘದ ಸಾಲ, ಮಾವಿನ ದುಡ್ಡು ಎಲ್ಲ ಸೇರಿಸಿ ಅವಳನ್ನು ನರ್ಸಿಂಗಿಗೆ ಸೇರಿಸಿದೆವು. ಈಗ ಅವಳು ಕೆಲಸದಲ್ಲಿದ್ದಾಳೆ. “ಅಮ್ಮ, ಕಾಲೇಜಿನಲ್ಲಿ ಕಲಿತದ್ದು ಆಮೇಲೆ. ಮೊದಲು ಕಲಿಸಿದ್ದು ಮುತ್ತಜ್ಜಿ” ಎನ್ನುತ್ತಾಳೆ. ವ್ಯರ್ಥವಾಯಿತೆಂದು ನಾನು ಅತ್ತ ವರ್ಷ ಅದು!

ಸತ್ಯವೇದದಲ್ಲಿ ಚಾರೆಪ್ತದ ವಿಧವೆಯ ಕತೆಯಿದೆ. ಬರಗಾಲ, ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ಸ್ವಲ್ಪ ಎಣ್ಣೆ. ಪ್ರವಾದಿ ಎಲೀಯನು ಬಂದು ಮೊದಲು ತನಗೊಂದು ರೊಟ್ಟಿ ಮಾಡಿಕೊಡು ಎಂದ. ಅವಳು ಮಾಡಿಕೊಟ್ಟಳು. ಆಮೇಲೆ ಬರ ಮುಗಿಯುವವರೆಗೂ ಆ ಮಡಕೆಯ ಹಿಟ್ಟು ತೀರಲಿಲ್ಲ. ಮುಂಚೆ ನಾನು ಆ ಕತೆ ಓದುವಾಗ ಮಡಕೆ ತುಂಬಿ ತುಳುಕಿತು ಎಂದೇ ಅಂದುಕೊಳ್ಳುತ್ತಿದ್ದೆ. ಸರಿಯಾಗಿ ಓದಿದರೆ ತುಂಬಿತು ಎಂದು ಎಲ್ಲಿಯೂ ಇಲ್ಲ. ತೀರಲಿಲ್ಲ ಎಂದಷ್ಟೇ ಇದೆ. ದಿನವೂ ಅವಳು ಮಡಕೆಗೆ ಕೈ ಹಾಕಿಯೇ ನೋಡಬೇಕಾಗಿತ್ತು. ಅಡಿಗೆ ಮಾಡುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಅಲ್ಲವೆ?

ಸೋದರಿಯರೆ, ದೇವರನ್ನು ನಂಬಿ ಕೈಕಟ್ಟಿ ಕೂತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಸೀಮೆಯ ಹಿರಿಯರು ಕೆರೆಯ ಹೂಳು ತೆಗೆಯುತ್ತಿದ್ದುದು ಬೇಸಿಗೆಯಲ್ಲಿ, ಮೋಡವೇ ಇಲ್ಲದಾಗ. ಮಳೆ ಕೊಡುವುದು ದೇವರ ಕೆಲಸ. ಬಂದ ಮಳೆ ನಿಲ್ಲುವುದಕ್ಕೆ ಜಾಗ ಮಾಡುವುದು ನಮ್ಮ ಕೆಲಸ. ಅವನು ಸಿದ್ಧಮಾಡಿದ್ದು ಮುಂದೆ ನೋಡಿದರೆ ಕಾಣುವುದಿಲ್ಲ, ಹಿಂದಿರುಗಿ ನೋಡಿದಾಗ ಯಾರದೋ ಕೈಯಾಗಿ ಕಾಣುತ್ತದೆ.

ಈಗ ಕಷ್ಟದಲ್ಲಿರುವವರ ಮನೆಗೆ ಹೋದರೆ ನಾನು ‘ದೇವರು ಸಿದ್ಧಮಾಡಿರುತ್ತಾನೆ’ ಎಂದು ಹೇಳಿ ಎದ್ದು ಬರುವುದಿಲ್ಲ. ಗೂಡಿನ ಡಬ್ಬದಲ್ಲಿ ಎಷ್ಟಿದೆ ನೋಡಿಕೊಂಡು, ಅದನ್ನು ಸೆರಗಿನಡಿ ಇಟ್ಟುಕೊಂಡು ಹೋಗುತ್ತೇನೆ.