ಭೈರನ ಚೆಂಡು, ಕೆಂಚಿಯ ಪಾಲು

ಬಳ್ಳಾರಿ ಜಿಲ್ಲೆ ಹೋಳಾಗುವ ಮಾತು ಹೊಸಪೇಟೆಯ ಚಹಾದಂಗಡಿ, ಕಟಿಂಗ್ ಶಾಪು ಎಲ್ಲ ಕಡೆ ನಡೆದಿದ್ದ ಕಾಲ ಅದು. ಹಡಗಲಿ, ಹರಪನಹಳ್ಳಿ ನಮ್ಮ ಕಡೆಗೆ. ಸಂಡೂರು, ಕಂಪ್ಲಿ ಬಳ್ಳಾರಿಗೇ ಎಂದಾಯಿತು. 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆಯ ಉದ್ಘಾಟನೆಯೂ ಮುಗಿಯಿತು. ಕಂಪ್ಲಿಯ ದೊಡ್ಡಮ್ಮನಿಗೆ ಇದರಿಂದ ಭಾರೀ ಬೇಜಾರು. "ಬಸ್ ಹತ್ತಿದ್ರ ತಾಸಿನ್ಯಾಗ ಬರೋ ತಂಗಿ ಮನೀ ಬ್ಯಾರೆ ಜಿಲ್ಲಾ ಆತಲ್ಲವಾ" ಎಂದು ಫೋನಿನಲ್ಲಿ ಅಮ್ಮನ ಹತ್ತಿರ ಗೋಳಾಡಿದಳು. ಆ ದೀಪಾವಳಿಗೆ ಬಂದವಳು ಬಾಳೆಗೊನೆಯ ಜೊತೆಗೆ ಒಂದು ಬುಟ್ಟಿಯನ್ನೂ ಇಳಿಸಿದಳು. ಬುಟ್ಟಿಯೊಳಗೆ, ಹಳೇ ಟವೆಲ್ಲಿನ ನಡುವೆ, ಕೆಂಚು ಬಣ್ಣದ ಹೆಣ್ಣು ಕುನ್ನಿ. ಕೆಂಚಿ ಅಂತ ಹೆಸರಿಡಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮನೆಯಲ್ಲಿ ಆಗಲೇ ಭೈರ ಇದ್ದ. ಒಂಬತ್ತು ದಾಟಿದ ಕರಿ ನಾಯಿ, ಮೂತಿಯ ಸುತ್ತ ನರೆ. ಸ್ವಭಾವತಃ ಜಗಳಗಂಟನಲ್ಲ, ಹಾಲಿನವನು ಗೇಟು ತೆಗೆದರೂ ಒಂದು ಬೊಗಳು ಬೊಗಳಿ ಮಲಗುವ ಜಾತಿ. ಅವನ ಹತ್ತಿರ ನೂಲೆಲ್ಲ ಉದುರಿ ಬೋಳಾದ ಒಂದು ಟೆನಿಸ್ ಬಾಲಿತ್ತು. ಅದನ್ನು ಅವನು ಮುಟ್ಟಿ ಎಷ್ಟೋ ಕಾಲವಾಗಿತ್ತು. ಪಡಸಾಲೆಯ ಮಂಚದ ಕೆಳಗೆ ಧೂಳು ತಿನ್ನುತ್ತ ಬಿದ್ದಿತ್ತು. ಕೆಂಚಿ ಬಂದ ಮಾರನೇ ದಿನ ಅದನ್ನು ಎಳೆದು ತಂದಳು ನೋಡಿ, ಅಲ್ಲಿಂದ ಅದು ಭೈರನ ಆಸ್ತಿಯಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ತೆಂಗಿನ ಸಿಪ್ಪೆ, ತಮ್ಮನ ಮಗನ ಪ್ಲಾಸ್ಟಿಕ್ ಬಸ್ಸು, ಒಂಟಿ ಹವಾಯಿ ಚಪ್ಪಲಿ, ಎಲ್ಲವೂ ಒಂದೊಂದಾಗಿ ಮಂಚದಡಿ ಸೇರಿದವು. ಅವುಗಳ ಮುಂದೆ ಭೈರ ಅಡ್ಡ ಮಲಗಿದ.

ಕಾರ್ತಿಕದ ಚಳಿ. ಸಂಜೆ ಅಂಗಳದಲ್ಲಿ ತೆಂಗಿನ ಗರಿ ಒಟ್ಟಿ ಬೆಂಕಿ ಹಾಕಿದ್ದೆವು. ಸಂಡೂರಿನಿಂದ ಮಾವ ಬಂದಿದ್ದರು. ಭೈರ ಬೆಂಕಿಯಿಂದ ಸ್ವಲ್ಪ ಆಚೆ ಚೆಂಡು ಅಗಿಯುತ್ತಿದ್ದ. ಕೆಂಚಿ ತನ್ನ ಕುಪ್ಪಳಿಸುವ ನಡಿಗೆಯಲ್ಲಿ ಅತ್ತ ಹೊರಟಳು. ನಾನು ನೋಡುತ್ತಲೇ ಇದ್ದೆ. ಮೊದಲು ಅಗಿಯುವ ಬಾಯಿ ನಿಂತಿತು. ಆಮೇಲೆ ಬಾಲ ನಿಂತಿತು. ಚೆಂಡನ್ನು ಮುಂಗಾಲುಗಳ ನಡುವೆ ಎಳೆದುಕೊಂಡು ಅದರ ಮೇಲೆ ಗದ್ದ ಇಟ್ಟ. ತಲೆ ತಿರುಗಿಸದೆ ಕಣ್ಣನ್ನಷ್ಟೇ ಓರೆ ಮಾಡಿದ. ಕಣ್ಣಂಚಿನ ಬಿಳಿ ಬಿದಿಗೆ ಚಂದ್ರನ ಹಾಗೆ ಕಂಡಿತು. ಗಂಟಲಲ್ಲಿ ಸಣ್ಣಗೆ ಗುರ್ ಎಂದ. ಕೆಂಚಿಗೆ ಅದ್ಯಾವುದೂ ಅರ್ಥವಾಗಲಿಲ್ಲ. ಹೋಗಿ ನೇರ ಮೂತಿ ಹಾಕಿದಳು. ಭೈರ ಗಾಳಿಗೆ ಹಲ್ಲು ಕಟಕ್ಕೆಂದು ಕಡಿದ. ಚರ್ಮಕ್ಕೆ ತಾಗಲೇ ಇಲ್ಲ. ಕುನ್ನಿ ಮಾತ್ರ ಓಣಿಯೆಲ್ಲ ಕೇಳುವಂತೆ ಕಿರುಚಿಕೊಂಡಿತು.

ಅಜ್ಜಿ ಕೋಲು ತಗೊಂಡು ಎದ್ದಳು. "ಹೊಟ್ಟೀಕಿಚ್ಚಿನ ಮುಂಡೇದು, ಕೂಸಿನ ಮ್ಯಾಲೆ ಬೀಳ್ತೈತಿ!"

ಮಾವ ಕೂತಲ್ಲಿಂದಲೇ ಕೋಲಿನ ತುದಿ ಹಿಡಿದರು. ಹರೆಯದಲ್ಲಿ ಕುರಿಹಿಂಡಿನ ಜೊತೆ ಸಂಡೂರಿನ ಗುಡ್ಡವೆಲ್ಲ ತಿರುಗಿ, ಆಮೇಲೆ ಗಣಿ ಕೆಲಸಕ್ಕೆ ಸೇರಿದವರು. ನಾಯಿಗಳ ವಿಷಯ ಬಂದರೆ ಅವರ ಮಾತೇ ಬೇರೆ. "ಯವ್ವಾ, ಹ್ವಾದ ವಾರ ದೋಣಿ ತುಂಬಿಸಿದ್ರಲ್ಲ, ಆವಾಗ ಏನ್ ಮಾಡಿದ್ರಿ?"

ನಮ್ಮದು ಮೈಲಾರಲಿಂಗನ ಒಕ್ಕಲು. ದೇವರ ಹೆಸರಲ್ಲಿ ಗೊರವರನ್ನು ಕರೆಸಿ ದೋಣಿ ತುಂಬಿಸಿದ್ದೆವು. ಕರಿ ಕಂಬಳಿ ತೊಟ್ಟ, ಹಣೆ ತುಂಬ ಭಂಡಾರ ಬಳಿದುಕೊಂಡ ಗೊರವರು ಹಾಲು, ತುಪ್ಪ, ಬಾಳೆಹಣ್ಣು ಹಾಕಿದ ದೋಣಿಯ ಸುತ್ತ ಮಂಡಿಯೂರಿ, ಮೈಲಾರನ ನಾಯಿಗಳಾಗಿ ಬೊಗಳುತ್ತ, ಒಬ್ಬರನ್ನೊಬ್ಬರು ತಳ್ಳುತ್ತ, ಬಾಯಿ ಹಾಕಿ ತಿಂದಿದ್ದರು. ಅಜ್ಜಿ ಸೆರಗೊಡ್ಡಿ ನಿಂತಿದ್ದಳು.

"ಮನುಷ್ಯರು ನಾಯಿ ಆಗಿ ಬೊಗಳಿದ್ರ ಕೈ ಮುಗೀತೀರಿ. ನಾಯಿ ನಾಯಿ ಆದ್ರ ಕೋಲು ಎತ್ತತೀರಿ. ಇದ್ಯಾವ ನ್ಯಾಯ?"

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಕೋಲು ಮೂಲೆ ಸೇರಿತು.

ಆ ರಾತ್ರಿ ಬೆಂಕಿ ಆರುವ ತನಕ ಮಾವ ಹೇಳಿದ್ದರಲ್ಲಿ ನನಗೆ ಗಟ್ಟಿಯಾಗಿ ಉಳಿದದ್ದು ಇದು: ಗುರ್ ಅನ್ನುವ ನಾಯಿಯನ್ನು ಹೊಡೆಯಬಾರದು. ಅದು ಕಡಿಯುವ ಮೊದಲು ಹೇಳುತ್ತಿರುವ ಮಾತು. ಹೊಡೆದರೆ ಮಾತು ನಿಲ್ಲುತ್ತದೆ, ಸಿಟ್ಟು ನಿಲ್ಲುವುದಿಲ್ಲ. ಮುಂದಿನ ಸಲ ಹೇಳದೇ ಕಡಿಯುತ್ತದೆ. ಅವರ ಹಿಂಡಿನಲ್ಲಿ ಹಳೇ ನಾಯಿಗೆ ಮೊದಲು ಮುದ್ದೆ, ಮರಿನಾಯಿಗೆ ಆಮೇಲೆ, ಅದೂ ಹಟ್ಟಿಯ ಆ ಕಡೆ. "ಎರಡನ್ನೂ ಒಂದ ತಾಟಿನ್ಯಾಗ ಉಣ್ಣಿಸಿ ಪ್ರೀತಿ ಕಲಿಸ್ತೀನಿ ಅಂದ್ರ, ನೀ ಕಲಿಸೋದು ಜಗಳ."

ಈ ಹಂಚಿಕೊಂಡು ಆಡಬೇಕೆಂಬ ಹಟ ನಮ್ಮದು, ನಾಯಿಗಳದ್ದಲ್ಲ. ನನ್ನ ತಮ್ಮನ ಮಗನೇ ತನ್ನ ಪ್ಲಾಸ್ಟಿಕ್ ಬಸ್ಸನ್ನು ಯಾರಿಗೂ ಕೊಡುತ್ತಿರಲಿಲ್ಲ. ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ.

ಬೆಳಿಗ್ಗೆ ಮಂಚದಡಿಯ ಸಂಸಾರವನ್ನೆಲ್ಲ ಅಟ್ಟಕ್ಕೆ ಸಾಗಿಸಬೇಕಿತ್ತು. ಅದನ್ನೂ ಕಸಿದುಕೊಂಡು ಮಾಡುವಂತಿಲ್ಲ. ಮಾವ ರೊಟ್ಟಿಯ ಚೂರಿಗೆ ತುಪ್ಪ ಸವರಿ ದೂರದಲ್ಲಿ ಹಾಕಿದರು. ಭೈರ ಚೆಂಡು ಬಿಟ್ಟು ಎದ್ದು ಹೋದ. ಚೆಂಡು ಎತ್ತಿದರು, ಒಮ್ಮೆ ತೋರಿಸಿ ವಾಪಸ್ ಅವನಿಗೇ ಕೊಟ್ಟರು. ಮತ್ತೆ ರೊಟ್ಟಿ, ಮತ್ತೆ ಚೆಂಡು. ಕೈ ಹತ್ತಿರ ಬಂದರೆ ಏನೋ ಹೋಗುವುದಲ್ಲ, ಏನೋ ಬರುತ್ತದೆ ಎಂಬುದು ನಾಯಿಗೆ ಖಾತ್ರಿಯಾಗಬೇಕಂತೆ. ಹೊತ್ತು ಏರುವಷ್ಟರಲ್ಲಿ "ಬಿಡು" ಎಂದರೆ ಭೈರ ಬಾಯಿ ಸಡಿಲಿಸಿ ಮಾವನ ಇನ್ನೊಂದು ಕೈ ನೋಡುತ್ತಿದ್ದ. ಅಜ್ಜಿ ತುಪ್ಪದ ಗಿಂಡಿ ಎತ್ತಿಟ್ಟಳು, ಆ ಮಾತು ಬೇರೆ.

ಕೆಂಚಿಗೆ ಲಸಿಕೆ ಹಾಕಿಸಲು ಪಶು ಆಸ್ಪತ್ರೆಗೆ ಹೋದಾಗ ಭೈರನನ್ನೂ ಕರೆದೊಯ್ದೆವು. ಡಾಕ್ಟರು ಅವನ ಹಿಂಗಾಲನ್ನು ನಿಧಾನ ಮಡಚಿ ಬಿಚ್ಚಿ ನೋಡಿದರು. ಸೊಂಟದ ಕೀಲು ಸವೆದಿತ್ತು. ನೋವಿರುವ ಮುದಿ ನಾಯಿ ಎದ್ದು ಪಕ್ಕಕ್ಕೆ ಹೋಗಲಾರದೆ, ಇದ್ದಲ್ಲೇ ಗುರುಗುಟ್ಟಿ ಮರಿಯನ್ನು ದೂರ ಇಡುತ್ತದೆ ಎಂದರು. ಕೆಂಚಿಗೆ ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಉದುರುವಾಗ ವಸಡು ನವೆಯಾಗಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ಅವಳಿಗೆ ಅವಳದೇ ಸಾಮಾನು ಬೇಕು ಎಂದೂ ಹೇಳಿದರು. ಭೈರನ ನೋವಿಗೆ ಮಾತ್ರೆ ಶುರುವಾಯಿತು. ಅರ್ಧ ಜಗಳ ಆ ಮಾತ್ರೆಯಿಂದಲೇ ಇಳಿಯಿತು ಎಂದು ನನ್ನ ಲೆಕ್ಕ, ಮಾವ ಒಪ್ಪಲಿಲ್ಲ.

ಲಸಿಕೆಗಳೆಲ್ಲ ಮುಗಿದ ಮೇಲೆ ಇಬ್ಬರನ್ನೂ ಸಂಜೆ ಬಸವಣ್ಣ ಕಾಲುವೆಯ ದಂಡೆಗೆ ಒಯ್ಯುತ್ತಿದ್ದೆವು. ವಿಜಯನಗರದ ಅರಸರ ಕಾಲದ ಕಾಲುವೆ, ಇವತ್ತಿಗೂ ಗದ್ದೆಗೆ ನೀರು ಕೊಡುತ್ತದೆ. ಅಲ್ಲಿ ಮಂಚವಿಲ್ಲ, ಮೂಲೆಯಿಲ್ಲ, ಕಾಯುವುದಕ್ಕೆ ಯಾರದೂ ಏನೂ ಇಲ್ಲ. ಭೈರನ ಹಗ್ಗ ನನ್ನ ಕೈಲಿ, ಕೆಂಚಿಯದು ತಮ್ಮನ ಕೈಲಿ, ನಡುವೆ ನಾವಿಬ್ಬರು. ದಿನ ಕಳೆದಂತೆ ನಾವು ಆಚೆ ಈಚೆ ಸರಿದು ಅವರನ್ನೇ ನಡುವೆ ಬಿಟ್ಟೆವು. ಬದುವಿನ ಹುಲ್ಲನ್ನು ಇಬ್ಬರೂ ಒಟ್ಟಿಗೆ ಮೂಸಿದರು.

ಆಟದ ಸಾಮಾನು ಅಟ್ಟದಿಂದ ಇಳಿದದ್ದು ಆಮೇಲೆ, ಅದೂ ಜೋಡಿ ಜೋಡಿಯಾಗಿ. ಒಂದೇ ತೆಂಗಿನಕಾಯಿಯ ಎರಡು ಸಿಪ್ಪೆ, ಅಂಗಳದ ಎರಡು ತುದಿಗೆ. ಕೆಂಚಿ ತನ್ನದನ್ನು ಬಿಟ್ಟು ಭೈರನದರ ಕಡೆ ಹೊರಟರೆ ತಮ್ಮ ಅವಳನ್ನು ಕರೆದು ಬೇರೆ ಕಡೆ ಓಡಿಸುತ್ತಿದ್ದ. ಮುದುಕನೇ ಬುದ್ಧಿ ಹೇಳಲಿ ಎಂದು ಬಿಡುತ್ತಿರಲಿಲ್ಲ. ಬೋಳು ಚೆಂಡು ಮಾತ್ರ ಪಾಲಿಗೆ ಬರಲಿಲ್ಲ. ರಾತ್ರಿ ಊಟವಾದ ಮೇಲೆ ಮಾಳಿಗೆಯ ಬಾಗಿಲು ಮುಚ್ಚಿ ನಾನು ಭೈರ ಇಬ್ಬರೇ ಇರುವಾಗ ಅದನ್ನು ಅವನಿಗೆ ಕೊಡುತ್ತಿದ್ದೆ.

ಬೇಸಿಗೆಯ ಹೊತ್ತಿಗೆ ಕೆಂಚಿ ಎತ್ತರದಲ್ಲಿ ಭೈರನ ಭುಜ ಮುಟ್ಟಿದ್ದಳು. ಒಂದು ಮಧ್ಯಾಹ್ನ ಅವಳೇ ಅವನನ್ನು ಅಂಗಳದ ಸುತ್ತ ಅಟ್ಟಿಸಿಕೊಂಡು ಬಂದಳು, ಅವನೂ ಬಾಲ ಆಡಿಸುತ್ತಲೇ ಓಡಿದ. ಅಜ್ಜಿ ಜಗಲಿಯಿಂದ ಕೂಗಿದಳು: "ಹಕ್ಕ-ಬುಕ್ಕರ ಬೇಟೆನಾಯಿಗುಳನ್ನ ಮೊಲ ಬೆನ್ನಟ್ಟಿದ ಸೀಮಿ ಐತಿ ಇದು. ಇಲ್ಲಿ ಸಣ್ಣದು ಅಂತ ಯಾರನ್ನೂ ಸದರ ಮಾಡಬ್ಯಾಡ ಭೈರಾ!" ಹಂಪಿ ಹುಟ್ಟಿದ ಆ ಕತೆಯನ್ನು ಅಜ್ಜಿ ಅಷ್ಟು ಬೇಗ ನಾಯಿಗೆ ಹೊಂದಿಸಿದ್ದಕ್ಕೆ ಊರಿಂದ ಬಂದಿದ್ದ ದೊಡ್ಡಮ್ಮ ಬಿದ್ದು ಬಿದ್ದು ನಕ್ಕಳು.

ಎಲುಬಿನ ವಿಷಯಕ್ಕೆ ಮಾತ್ರ ಕೊನೆಯವರೆಗೂ ರಾಜಿಯಾಗಲಿಲ್ಲ. ಬೇಯಿಸಿದ ಎಲುಬು ಚೂರಾಗಿ ಹೊಟ್ಟೆ ಸೀಳುತ್ತದೆಂದು ಡಾಕ್ಟರು ಹೇಳಿದ್ದರಿಂದ ಬಾಡೂಟದ ದಿನ ಹಸಿ ಎಲುಬನ್ನೇ ತೆಗೆದಿಡುತ್ತಿದ್ದೆವು. ಒಂದು ಹಿತ್ತಲಿಗೆ, ಒಂದು ಪಡಸಾಲೆಗೆ, ನಡುವೆ ಬಾಗಿಲು, ಬಾಗಿಲಿಗೆ ಚಿಲಕ. "ಅಣ್ಣತಮ್ಮಂದಿರ ಹಂಗ ಅದಾವ, ಯಾಕ ಬಾಗಲಾ ಹಾಕ್ತೀರಿ?" ಎಂದು ಮನೆಗೆ ಬಂದವರು ಕೇಳುವರು. ಹೊಲದ ಬದುವಿನ ವ್ಯಾಜ್ಯಕ್ಕೆ ತನ್ನ ಅಣ್ಣತಮ್ಮಂದಿರು ಇನ್ನೂ ಕೋರ್ಟಿಗೆ ಅಲೆಯುತ್ತಿದ್ದದ್ದನ್ನು ನೆನೆದು ಅಜ್ಜಿ, "ಅದಕ್ಕ" ಎನ್ನುವಳು.