ಉಪ್ಪು ತಿಂದ ಪೆಟ್ಟಿಗೆ

ಕೋಡಿಬಾಗದಲ್ಲಿ ಕಬ್ಬಿಣಕ್ಕೆ ಆಯುಸ್ಸು ಕಡಿಮೆ. ಒಂದು ಮಗ್ಗುಲಿಗೆ ಕಾಳಿ ನದಿ, ಇನ್ನೊಂದು ಮಗ್ಗುಲಿಗೆ ಅದು ಹೋಗಿ ಸೇರುವ ಸಮುದ್ರ. ದೀಪಾವಳಿಗೆ ಕಿಟಕಿ ಸರಳಿಗೆ ಬಳಿದ ಬಣ್ಣ ಮುಂದಿನ ಚೌತಿಯ ಹೊತ್ತಿಗೆ ಹಪ್ಪಳದ ಹಾಗೆ ಎದ್ದು ನಿಲ್ಲುತ್ತದೆ. ಸೈಕಲ್ ಚೈನು, ಬಾಗಿಲ ಚಿಲಕ, ಆಯಿಯ ಹೊಲಿಗೆ ಮಿಷಿನ್ನು, ಎಲ್ಲಕ್ಕೂ ಎಣ್ಣೆ ಸವರುತ್ತಲೇ ಇರಬೇಕು. 1930ರಲ್ಲಿ ಪಕ್ಕದ ಅಂಕೋಲೆಯವರು ಉಪ್ಪಿಗಾಗಿ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. ನಮಗೋ, ಬೇಡವೆಂದರೂ ಉಪ್ಪು ಗಾಳಿಯಲ್ಲೇ ಮನೆ ಬಾಗಿಲಿಗೆ ಬರುತ್ತದೆ. ಇಂಥ ಊರಿಗೆ ಕಂಪ್ಯೂಟರ್ ಬಂತು.

ಬಂದದ್ದು ಭಾವನ ಅಂಗಡಿಗೆ. ಜೆರಾಕ್ಸು, ಟೈಪಿಂಗು, ಲಗ್ನಪತ್ರಿಕೆ. ಭೂಮಿ ಯೋಜನೆಯಿಂದ ತಾಲೂಕು ಕಚೇರಿಗಳಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಸಿಗತೊಡಗಿದ್ದ ಕಾಲ ಅದು. ಅದರಲ್ಲಿ ಹೆಸರು ತಪ್ಪಿದೆ, ಗುಂಟೆ ತಪ್ಪಿದೆ ಎಂದು ಅರ್ಜಿ ಬರೆಸಲು ಬರುವವರು ನದಿಯಾಚೆಯ ಸದಾಶಿವಗಡದಿಂದಲೂ ಇದ್ದರು. ಕಾಲೇಜು ಮುಗಿಸಿ ಖಾಲಿ ಕೂತಿದ್ದ ನನ್ನನ್ನು ಭಾವ ನುಡಿ ತಂತ್ರಾಂಶದಲ್ಲಿ ಟೈಪು ಮಾಡಲು ಕೂರಿಸಿದ. ಹಾರ್ಡ್‌ವೇರ್ ಕಲಿಸುತ್ತೇನೆಂದು ಅವನೇನೂ ಹೇಳಿರಲಿಲ್ಲ. ಒಂದೊಂದೇ ಭಾಗ ಕೆಡುತ್ತ ಹೋಯಿತು, ಕೆಟ್ಟ ಕ್ರಮದಲ್ಲೇ ನನಗೆ ಅವುಗಳ ಪರಿಚಯವಾಗುತ್ತ ಹೋಯಿತು.

ಮೊದಲು ಕೆಟ್ಟದ್ದು ತಾರೀಕು. ಹಳೆಯ ಮಿಷಿನ್ನೊಂದು ಬೆಳಿಗ್ಗೆ ಶುರುವಾದಾಗಲೆಲ್ಲ ಇವತ್ತು 1980ರ ಜನವರಿ 1 ಎನ್ನತೊಡಗಿತು. ಐಬಿಎಂನ ಮೊದಲ ಪಿಸಿ ಮಾರುಕಟ್ಟೆಗೆ ಬಂದದ್ದೇ 1981ರ ಆಗಸ್ಟ್‌ನಲ್ಲಿ. ತನ್ನ ಮೂಲಪುರುಷ ಹುಟ್ಟುವ ಮುಂಚಿನ ತಾರೀಕನ್ನು ಅದು ಲಜ್ಜೆಯಿಲ್ಲದೆ ಹೇಳುತ್ತಿತ್ತು. ಆ ಮೊದಲ ಪಿಸಿಗಳಲ್ಲಿ ದಿನಾ ತಾರೀಕು ಕೈಯಿಂದಲೇ ಹೊಡೆಯಬೇಕಿತ್ತಂತೆ. 1984ರ ಪಿಸಿ ಎಟಿಯಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರ ಸೇರಿತು. ಭಾವ ಪೆಟ್ಟಿಗೆ ಬಿಚ್ಚಿ, ಮದರ್‌ಬೋರ್ಡಿನ ಮೂಲೆಯಲ್ಲಿದ್ದ ಗುಂಡನೆಯ ಸೆಲ್ಲನ್ನು ಉಗುರಿನಿಂದ ಎಬ್ಬಿಸಿದ. ಸಿಆರ್ 2032, ಮೂರು ವೋಲ್ಟು. ಕರೆಂಟು ತೆಗೆದಮೇಲೂ ಗಡಿಯಾರ ನಿಲ್ಲದಂತೆ ನೋಡಿಕೊಳ್ಳುವುದು ಇದೇ. ಹೊಸದು ಹಾಕಿ ತಾರೀಕು ಹೊಡೆದ ಕೂಡಲೇ ಅಂಗಡಿ ವರ್ತಮಾನಕ್ಕೆ ಬಂತು.

ಆ ದಿನ ಮದರ್‌ಬೋರ್ಡನ್ನು ಹತ್ತಿರದಿಂದ ನೋಡಿದೆ. ಹಸಿರು ಹಲಗೆ, ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ತಾಮ್ರದ ಗೆರೆಗಳು. ಪ್ರೊಸೆಸರಿಗೂ ಮೆಮೊರಿಗೂ ಡಿಸ್ಕಿಗೂ ಮಾತುಕತೆಯೆಲ್ಲ ಆ ಗೆರೆಗಳಲ್ಲೇ. ಕೆಲವು ಬೆಸುಗೆಗಳ ಸುತ್ತ ಬಿಳಿ ಬೂಷ್ಟು, ಒಂದೆರಡು ಕಡೆ ತಾಮ್ರದ ಕಿಲುಬು. ಪವರ್ ಸಪ್ಲೈನ ಫ್ಯಾನು ಬಿಸಿಗಾಳಿಯನ್ನು ಹಿಂದಿನಿಂದ ಹೊರಗೆ ನೂಕುತ್ತದೆ. ಖಾಲಿಯಾದ ಜಾಗಕ್ಕೆ ಸಂದುಗೊಂದುಗಳಿಂದ ಹೊಸ ಗಾಳಿ ನುಗ್ಗುತ್ತದೆ. ಕೋಡಿಬಾಗದ ಹೊಸ ಗಾಳಿ ಅಂದರೆ ಗೊತ್ತಲ್ಲ.

“ಉಪ್ಪು ತಿಂದವ ನೀರು ಕುಡಿಯಲೇಬೇಕು ತಮಾ,” ಅಂದ ಭಾವ. ಇದು ಅಕ್ಷರಶಃ ನಿಜವೆಂದು ಆಮೇಲೆ ಓದಿ ತಿಳಿದೆ. ಗಾಳಿಯ ತೇವಾಂಶ ಶೇಕಡಾ 75ರ ಆಸುಪಾಸು ದಾಟಿದರೆ ಅಡುಗೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅದರ ಅರ್ಧದಷ್ಟು ತೇವವೂ ಬೇಡ. ಕಾರವಾರದ ಮಳೆಗಾಲದಲ್ಲಿ 75 ಯಾವ ಲೆಕ್ಕ? ಬೋರ್ಡಿನ ಮೇಲೆ ಕೂತ ಕಣ್ಣಿಗೆ ಕಾಣದ ಉಪ್ಪು ನೀರು ಕುಡಿದು ತೆಳ್ಳಗಿನ ಪದರವಾಗುತ್ತದೆ. ಉಪ್ಪುನೀರಿನಲ್ಲಿ ಕರೆಂಟು ಹರಿಯುತ್ತದೆ, ಹರಿಯಬಾರದ ಕಡೆಗೂ ಹರಿಯುತ್ತದೆ. ಹರಿದಲ್ಲೆಲ್ಲ ಲೋಹ ತಿನ್ನುತ್ತದೆ. ಅರ್ಗಾದಲ್ಲಿ 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯಿತಲ್ಲ, ಅಂಥಲ್ಲಿಗೆ ಬರುವ ಹಡಗುಗಳ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಮೇಲೊಂದು ವಾರ್ನಿಷ್‌ನಂಥ ಲೇಪ ಕೊಡುವುದು ಇದಕ್ಕೇ. ನಮ್ಮ ಅಂಗಡಿಯ ಪಿಸಿಗೆ ಆ ಭಾಗ್ಯವಿಲ್ಲ. ಅದಕ್ಕಿದ್ದದ್ದು ಅಕ್ಕ ಹೊಲಿದುಕೊಟ್ಟ ಬಟ್ಟೆಯ ಗವಸು ಮಾತ್ರ.

ಆಷಾಢದಲ್ಲಿ ಹೆಚ್ಚು ಸಲ ಕೈಕೊಟ್ಟದ್ದು ರ‍್ಯಾಮ್. ಗುಂಡಿ ಒತ್ತಿದರೆ ಪರದೆ ಕಪ್ಪು, ಒಳಗಿಂದ ಉದ್ದುದ್ದ ಬೀಪ್. ಮೆಮೊರಿ ಸಿಗುತ್ತಿಲ್ಲ ಎಂದು ಹೇಳಲು ಮದರ್‌ಬೋರ್ಡಿಗೆ ಬೇರೆ ಬಾಯಿಲ್ಲ. ಭಾವ ಎರಡೂ ಕಡೆಯ ಕ್ಲಿಪ್ಪು ಒತ್ತಿ ಪಟ್ಟಿಯನ್ನು ಮೇಲಕ್ಕೆತ್ತುತ್ತಿದ್ದ. ಅದರ ಅಂಚಿಗೆ ಸಾಲಾಗಿ ಚಿನ್ನದ ಹಲ್ಲುಗಳು. ಚಿನ್ನವೆಂದರೆ ಚಿನ್ನವೇ, ತೆಳು ಲೇಪ. ಚಿನ್ನ ಕೆಡುವುದಿಲ್ಲ, ಆದರೆ ಲೇಪದ ಸೂಕ್ಷ್ಮ ತೂತುಗಳಿಂದ ಕೆಳಗಿನ ನಿಕ್ಕಲ್ಲು, ತಾಮ್ರ ಕಿಲುಬುಗಟ್ಟಿ ಮೇಲೇಳುತ್ತವೆ. ಅದಕ್ಕೆ ಮದ್ದು ಶಾಲೆ ಮಕ್ಕಳ ರಬ್ಬರ್. ಹಲ್ಲುಗಳನ್ನು ಹಗುರಾಗಿ ಉಜ್ಜಿ, ಪುಡಿ ಊದಿ, ಟಕ್ಕೆನ್ನುವ ತನಕ ಒತ್ತಿ ಕೂರಿಸಿದರೆ ಮಿಷಿನ್ನು ಎದ್ದಿತು. ಉಜ್ಜಿದಷ್ಟೂ ಚಿನ್ನವೂ ಸವೆಯುತ್ತದೆ ಎಂದು ಎಂಜಿನಿಯರುಗಳು ಬೈಯುತ್ತಾರೆ. ಬೈಯಲಿ, ಗಿರಾಕಿ ಎದುರಿಗೆ ನಿಂತಿರುವಾಗ ಭಾವನಿಗೆ ಬೇರೆ ದಾರಿ ಇರಲಿಲ್ಲ.

ರ‍್ಯಾಮ್ ಅಂದರೆ ಏನೆಂದು ತಿಳಿದದ್ದು ಕರೆಂಟು ಹೋದಾಗ. ಒಂದು ಪುಟ ಅರ್ಜಿ ಟೈಪಾಗಿತ್ತು, ಸೇವ್ ಆಗಿರಲಿಲ್ಲ, ಯುಪಿಎಸ್ ಹಿಂದಿನ ವಾರವೇ ಸತ್ತಿತ್ತು. ಅಕ್ಷರಗಳೆಲ್ಲ ಎಲ್ಲಿ ಹೋದವು? ಐಬಿಎಂನ ರಾಬರ್ಟ್ ಡೆನಾರ್ಡ್ 1960ರ ದಶಕದಲ್ಲಿ ಕಂಡುಹಿಡಿದ ಈ ಬಗೆಯ ಮೆಮೊರಿಯಲ್ಲಿ ಒಂದೊಂದು ಬಿಟ್ಟೂ ಒಂದು ಪುಟಾಣಿ ಕೆಪಾಸಿಟರಿನಲ್ಲಿ ನಿಂತ ವಿದ್ಯುತ್ತು. ಅದು ಸದಾ ಸೋರುತ್ತಿರುತ್ತದೆ. ಸೆಕೆಂಡಿಗೆ ಹತ್ತಾರು ಸಲ ಮತ್ತೆ ಮತ್ತೆ ತುಂಬಿದರಷ್ಟೇ ನೆನಪು ಉಳಿಯುತ್ತದೆ. ತುಂಬುವ ಕರೆಂಟೇ ಹೋದರೆ ಕತೆ ಮುಗಿಯಿತು.

ಮೋಡೆಮ್ಮಿನ ಕತೆ ಚಿಕ್ಕದು. ಮೇ ತಿಂಗಳ ಒಂದು ಸಿಡಿಲು ಟೆಲಿಫೋನ್ ತಂತಿ ಹಿಡಿದು ಬಂದು ಅದನ್ನು ಮುಗಿಸಿತು.

ಹಾರ್ಡ್‌ಡಿಸ್ಕನ್ನು ಮಾತ್ರ ನಾನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅದರ ಮೈಮೇಲೆ ಸೂಜಿಮೊನೆಗಿಂತ ತುಸು ದೊಡ್ಡ ತೂತು, ಪಕ್ಕದಲ್ಲಿ ಇದನ್ನು ಮುಚ್ಚಬೇಡಿ ಎಂಬ ಬರಹ. ಒಳಗೆ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಓದುವ ತಲೆ ಅದನ್ನು ಮುಟ್ಟದೆ ಗಾಳಿಯ ಮೇಲೆ ತೇಲುತ್ತದೆ. ಹಾಗಾಗಿ ಒಳಗೆ ಗಾಳಿ ಬೇಕು, ಒಳಹೊರಗಿನ ಒತ್ತಡ ಸಮನಾಗಿರಬೇಕು. ಅದಕ್ಕೇ ತೂತು, ತೂತಿನ ಹಿಂದೆ ಧೂಳು ತಡೆಯುವ ಫಿಲ್ಟರು. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕಿನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು. ಅಷ್ಟೆಲ್ಲ ಸೇರಿ ಹಿಡಿಸುತ್ತಿದ್ದದ್ದು ಸುಮಾರು 5 ಎಂಬಿ, ಇಂದಿನ ಒಂದು ಮೊಬೈಲ್ ಫೋಟೊ. ಆಯುಧಪೂಜೆಯ ದಿನ ಅಂಗಡಿಯ ಹುಡುಗ ಭಕ್ತಿಯಿಂದ ಬಿಡಿ ಡಿಸ್ಕುಗಳಿಗೂ ಕುಂಕುಮ ಹಚ್ಚಲು ಹೊರಟಾಗ ಭಾವ ಕೂಗಿಕೊಂಡದ್ದು ಇಡೀ ಓಣಿಗೆ ಕೇಳಿಸಿತ್ತು.

ಪವರ್ ಸಪ್ಲೈ ಎರಡು ಸಲ ಹೊಗೆಯಾಡಿತು. ಮನೆಯ 230 ವೋಲ್ಟನ್ನು 12, 5, 3.3ಕ್ಕೆ ಇಳಿಸಿ ಎಲ್ಲರಿಗೂ ಹಂಚುವುದು ಅದರ ಕೆಲಸ. ಅದಕ್ಕೆ ಜಾಹೀರಾತಿನಲ್ಲಿ ಜಾಗವಿಲ್ಲ. ಕೊಳ್ಳಲು ಬಂದವರೆಲ್ಲ ಕೇಳುತ್ತಿದ್ದದ್ದು ಪೆಂಟಿಯಂ ಎಷ್ಟನೆಯದು ಎಂದೇ. 1971ರ ಇಂಟೆಲ್ 4004ರಲ್ಲಿ 2,300 ಟ್ರಾನ್ಸಿಸ್ಟರ್, 1993ರ ಪೆಂಟಿಯಂನಲ್ಲಿ 31 ಲಕ್ಷ. ಹೊಗಳಿಕೆಗೆ ಅದು ಅರ್ಹವೇ. ಆದರೆ ಭಾವನ ಅಂಗಡಿಯಲ್ಲಿ ಪ್ರೊಸೆಸರ್ ಕೆಟ್ಟದ್ದನ್ನು ನಾನು ಕಂಡಿಲ್ಲ. ಕೆಟ್ಟವೆಲ್ಲ ಹೆಸರಿಲ್ಲದವು: ಸೆಲ್ಲು, ಫ್ಯಾನು, ತಲೆ ಉಬ್ಬಿದ ಕೆಪಾಸಿಟರು, ಸಡಿಲಾದ ಕೇಬಲ್ಲು. ಹಾರ್ಡ್‌ವೇರ್ ಕಲಿಯಬೇಕೆನ್ನುವವರು ಇವುಗಳಿಂದ ಶುರುಮಾಡಲಿ ಎನ್ನುವುದು ನನ್ನ ಪಕ್ಷ. ಇನ್ನೊಂದು: ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ಮಿಷಿನ್ನನ್ನು ದಿನಾ ಒಂದು ತಾಸು ನಡೆಸಿ. ಒಳಗಿನ ಬಿಸಿಗೆ ತೇವ ಆರುತ್ತದೆ.

ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಎತ್ತಲಾಗದು, ಉಜ್ಜಲಾಗದು. ಎಸ್‌ಎಸ್‌ಡಿಗೆ ತಟ್ಟೆಯೂ ಇಲ್ಲ, ತೂತೂ ಇಲ್ಲ. ಹಾಗೆಂದು ಭಾವನಿಗೆ ಕೆಲಸ ತಪ್ಪಿಲ್ಲ. ಜೂನ್ ಬಂತೆಂದರೆ ಅಂಗಡಿ ತುಂಬ ಚಾರ್ಜ್ ಆಗದ ಮೊಬೈಲುಗಳು. ಪೋರ್ಟಿನಲ್ಲಿ ನೀರಿದೆ ಎಂದು ಕೆಲವು ಫೋನುಗಳು ತಾವೇ ದೂರು ಹೇಳುತ್ತವೆ. ಭಾವ ಕನ್ನಡಕ ಏರಿಸಿ, ಸಣ್ಣ ಬ್ರಷ್ಷನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಒಳಗೆ ಆಡಿಸುತ್ತಾನೆ, ಮೂಸುತ್ತಾನೆ, ಆಮೇಲೆ ಗಿರಾಕಿಯ ಮುಖ ನೋಡುತ್ತಾನೆ.

“ಬಾಂಗಡೆ ತರೂಕೆ ಹೋದಾಗ ಮೊಬೈಲು ಕಿಸೆಯಲ್ಲಿ ಇಡು ಮಾರಾಯ, ಅದೇ ಚೀಲಕ್ಕೆ ಹಾಕಬೇಡ.”